ರಿಟರ್ನ್

ಪಾರ್ಸಲ್ ವಾಪಸ್ ತಂದಾಂವ ದಾದಾಪೀರ.
'ಹಗೂರ ಅನಸ್ತದ್ರಿ ಅಕ್ಕಾರ' ಅಂದ, ಕೈಯಾಗ ತೂಗಿ ನೋಡಿ.
ಅವನ ಕೈ ಸುಳ್ಳು ಹೇಳಂಗಿಲ್ಲ.
ಬಾಗಲಕೋಟಿಯಿಂದ ಗುಳೇದಗುಡ್ಡಕ್ಕ ದಿನಾ
ನಲವತ್ತು ಮನಿಯ ಆಸೆ ಹೊತ್ತು ತರೋ ಕೈ ಅದು.

ನಾ ಕಳಿಸಿದ್ದು ಆರು ಖಣ,
ಗಿಣಿಹಸಿರು ಮೈ, ಕುಂಕುಮಗೆಂಪು ಅಂಚು.
ಬಂದದ್ದು ಒಂದು ಹಳೇ ಕುಬಸ.
ಕಂಕುಳದಾಗ ಬೆವರು ಒಣಗಿ ಬಿಳೀ ಗೆರಿ,
ಎರಡು ಕೊಂಡಿ ಹೋಗ್ಯಾವು, ಮೂರನೇದು ಜೋತಾಡ್ತದ.

ಮೋಸ ನಂಗ ಹೊಸಾದಲ್ಲ.
ಶ್ರಾವಣದಾಗ ಒಬ್ಬಾಂವ 'ರೊಕ್ಕ ಹಾಕೇನಿ' ಅಂತ ಚಿತ್ರ ಕಳಿಸಿದ,
ಹಸಿರು ಗುರುತು, ತಾರೀಖು, ವ್ಯಾಳೆ ಎಲ್ಲಾ ಇತ್ತು
ರೊಕ್ಕ ಒಂದು ಇದ್ದಿದ್ದಿಲ್ಲ.
ಮತ್ತೊಬ್ಬಾಂವ ಭಾಳ ನಯ,
'ಈ ಚೌಕ ಸ್ಕ್ಯಾನ್ ಮಾಡ್ರಿ ತಾಯಿ, ರೊಕ್ಕ ಬಂದು ಬೀಳ್ತಾವ.'
ಬಿದ್ದವು, ನನ್ನ ಖಾತೆಯಿಂದ ಅವನ ಖಾತೆಗೆ.
ಬ್ಯಾಂಕಿನ ಹುಡುಗಿ ತಣ್ಣಗ ಅಂದ್ಲು:
'ತಗೊಳ್ಳಾಕ ಪಿನ್ ಬೇಕಾಗಂಗಿಲ್ಲರಿ, ಕೊಡಾಕ ಅಷ್ಟ.'
ಅದನ್ನ ಕ್ಯಾಲೆಂಡರ್ ಮ್ಯಾಲ ಬರೆದಿಟ್ಟೇನಿ
ಹಾಲಿನ ಲೆಕ್ಕದ ಬಾಜೂಕ.

ದೂರು ಕೊಟ್ಟೆ.
ಫೋನಿನಾಗಿನ ಕಂಪನಿ ಗ್ರಂಥದ ಕನ್ನಡ ಮಾತಾಡ್ತದ:
ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ.
ಚಿತ್ರ ಕೇಳ್ತು, ಕೊಟ್ಟೆ. ಬಿಲ್ಲು ಕೇಳ್ತು, ಕೊಟ್ಟೆ.
ಕಡೀಕ ಒಂದ ಪ್ರಶ್ನಿ:
ಹಿಂತಿರುಗಿದ ವಸ್ತು ನಿಮ್ಮದೇ?
ಹೌದು. ಅಲ್ಲ.
ಉತ್ತರಿಸಲು ನಲವತ್ತೆಂಟು ಗಂಟೆಗಳು.

'ಅಲ್ಲ' ಒತ್ತಾಕ ಬೆರಳು ಇಟ್ಟಿದ್ದೆ,
ಅಷ್ಟರಾಗ ಅತ್ತಿ ಕುಬಸ ಎತ್ತಿಕೊಂಡು ಕಿಡಕಿಗೆ ಹೋದ್ಲು.
ಹೊಲಿಗಿ ಬಿಚ್ಚಿದ್ಲು, ಮಡಚಿದ ಅಂಚು ಹಿಗ್ಗಿಸಿದ್ಲು,
ಆಮ್ಯಾಲ ಎಷ್ಟೊತ್ತೋ ಮಾತಾಡಲಿಲ್ಲ.
'ಇದು ನಮ್ದು' ಅಂದ್ಲು.

ಅಂಚಿನ ಒಳಮಗ್ಗಲಿಗೆ ಒಂದು ಹಳದಿ ಎಳಿ,
ಹುಡುಕಿದವರಿಗೆ ಅಷ್ಟ ಕಾಣೂವಂಥಾದ್ದು.
ನಮ್ಮ ಮಾವ ಕುಣಿಮಗ್ಗದಾಗ ಕಾಲು ಇಳಿಬಿಟ್ಟು ನೇಯುವಾಗ
ಒಬ್ಬ ಸಾವ್ಕಾರ ಹನ್ನೆರಡು ಖಣ ಮುರುದು ಒಗದಿದ್ನಂತ,
'ಇವು ನಿನ್ನವಲ್ಲ, ಕೂಲಿ ಕೊಡಂಗಿಲ್ಲ.'
ಅವತ್ತಿನಿಂದ ಆ ಎಳಿ.
ಮಗ್ಗ ಮಾರೂತನಕ ಬಿಡಲಿಲ್ಲಂತ.
ತನ್ನದು ತನ್ನದು ಅನ್ನಾಕ
ಆ ಮನುಷ್ಯಾಗ ಇದ್ದ ಒಂದ ಸಾಕ್ಷಿ.

ಯಾವ ಊರು ತಿರುಗಿ ಬಂತೋ ಅದು,
ಯಾರ ಲಗ್ನಕ್ಕ ಹೊಲಿಸಿದ್ದೋ,
ಎಷ್ಟು ಮೈ ಕಂಡು ಕಳ್ಳರ ಪೆಟ್ಟಿಗ್ಯಾಗ ಕುಂತು
ಮೊಮ್ಮಗಳ ಹಂಗ ಮನಿ ಹುಡುಕಿ ಬಂತೋ.
ಈಗ ಆ ಸಾಕ್ಷಿನ ನನ್ನ ಎದುರಿಗೆ ನಿಂತದ.
ನಿಮ್ಮದೇ? ಹೌದು ಅಂದ್ರ ಸಾವಿರದ ಎಂಟ್ನೂರು ಹೋತು.
ಅಲ್ಲ ಅಂದ್ರ,
ಸಾವ್ಕಾರ ಅಂದ ಮಾತು ನಾನೂ ಅಂದಂಗಾತು,
ಅತ್ತಿ ಕಿವಿ ಇನ್ನೂ ಚಲೋ ಅದಾವ.

ವಕೀಲರ ಮನಿಯ ಗಿರಿಜಕ್ಕ ನಕ್ಕಳು:
'ಹುಚ್ಚಿ, ಕೇಳಿದ್ದು ಆರು ಖಣದ್ದು, ಒತ್ತು ಅಲ್ಲ ಅಂತ.'
ಖರೇನ. ಲೆಕ್ಕ ಖರೇ ಅದ.
ಎರಡು ರಾತ್ರಿ ಫೋನು ತಲಿದಿಂಬಿನ ಬಾಜೂಕ ಇತ್ತು,
ಎಚ್ಚರಾದಾಗೆಲ್ಲಾ ಆ ಎರಡು ಶಬ್ದ ಬೆಳಕು ಚೆಲ್ಲತಿದ್ದವು.
ಮೂರನೇ ದಿನ ಮುಂಜಾನೆ ತಾನ ತೀರ್ಪು ಬಂತು:
ಪ್ರತಿಕ್ರಿಯೆ ಬಾರದ ಕಾರಣ ಪ್ರಕರಣ ಮುಕ್ತಾಯಗೊಂಡಿದೆ.
ಹೋಗೋ ಬಾಡಿಗಿ, ಬರೋ ಬಾಡಿಗಿ ಎರಡೂ ನನ್ನ ಮ್ಯಾಲ.

ಅತ್ತಿ ಅಂಗಳದಾಗ ಕುಬಸ ಒಗಿಯಾಕ ಹತ್ತಿದ್ಲು,
ಸೋಪು ಹಚ್ಚಲಿಲ್ಲ, ಬಣ್ಣ ಹೋದೀತಂತ.

ಇವತ್ತು ಹೊಸ ಆರ್ಡರ್ ಬಂದದ, ಕಾರವಾರಕ್ಕ ಎರಡು ಖಣ.
ಪ್ಯಾಕ್ ಮಾಡೂ ಮುಂದ ವಿಡಿಯೊ ತೆಗಿಬೇಕಂತ ಎಲ್ಲಾರೂ ಹೇಳ್ತಾರ.
ಫೋನು ಅತ್ತಿ ಕೈಗೆ ಕೊಟ್ಟೆ, ಕೈ ನಡಗ್ತಾವ.
ಆಮ್ಯಾಲ ನೋಡಿದ್ರ
ವಿಡಿಯೊದಾಗ ಬಿಲ್ಲಿಲ್ಲ, ವಿಳಾಸಿಲ್ಲ, ನನ್ನ ಮುಖಾ ಇಲ್ಲ,
ಮೂರು ನಿಮಿಷ
ಬರೇ ಅಂಚು.